ಭಾನುವಾರದ ದೋಸೆಗೆ ಎಷ್ಟು ಹೊತ್ತಿಗೆ ಹೋಗಬೇಕು?

ಪ್ರಶ್ನೆ: ಊರಿಂದ ಅಪ್ಪ ಬರುತ್ತಿದ್ದಾರೆ. 72 ವರ್ಷ, ಮಂಡಿನೋವು. ಭಾನುವಾರ ಬೆಂಗಳೂರಿನ ಗಾಂಧಿಬಜಾರಿನ ವಿದ್ಯಾರ್ಥಿ ಭವನದ ದೋಸೆಯೇ ಬೇಕಂತೆ. ತುಂಬಾ ಕಾಯಬೇಕಾಗುತ್ತದಾ?

ಬಸವನಗುಡಿಯವ: ಇಪ್ಪತ್ತು ವರ್ಷದಿಂದ ಹೋಗುತ್ತಿದ್ದೇನೆ. ಬಾಗಿಲು ತೆಗೆಯುವ ಹೊತ್ತಿಗೇ ನಿಂತಿರುತ್ತೇನೆ. ಒಮ್ಮೆ ನೆಂಟರು ಸ್ನಾನ, ಪೂಜೆ ಅಂತ ತಡಮಾಡಿ, ಹೋದಾಗ ಒಂಬತ್ತೂವರೆ. ಹೆಸರು ಬರೆಸಿ ಫುಟ್‌ಪಾತ್ ಮೇಲೆ ಒಂದು ಗಂಟೆ ಹತ್ತು ನಿಮಿಷ ನಿಂತೆವು. ಆದರೆ ಸಪ್ಲೈಯರ್ ಒಂದೇ ಕೈ ಮೇಲೆ ತಟ್ಟೆ ಮೇಲೆ ತಟ್ಟೆ ಪೇರಿಸಿಕೊಂಡು ಬಂದು, ದೋಸೆ ಇಟ್ಟು, ನೀರು ಚಟ್ನಿ ಸುರಿದರಲ್ಲ, ಕಾಲುನೋವೇ ಮರೆತುಹೋಯಿತು. 1943ರಿಂದ ಇರುವ ಜಾಗ. ಶುಕ್ರವಾರ ರಜೆ.

ಸುಧಾ: ನಮ್ಮದು ಬೇರೆ ಹೋಟೆಲ್, ಹೆಸರು ಬೇಡ. ಅಮ್ಮನಿಗೆ ಶುಗರ್. 9.10ಕ್ಕೆ ಹೆಸರು ಬರೆಸಿದೆ. 10.20ಕ್ಕೆ ಅವರಿಗೆ ಕೈ ನಡುಗಲು ಶುರುವಾಯಿತು. ಪಕ್ಕದ ಅಂಗಡಿಗೆ ಓಡಿ ಬಿಸ್ಕತ್ತು ತಂದೆ. ಅಷ್ಟರಲ್ಲಿ ಕೂಗಿದ್ದಾರೆ, ಹೆಸರು ಹೊಡೆದುಹಾಕಿದ್ದಾರೆ. ಮತ್ತೆ ಕೊನೆಯಿಂದ ನಿಲ್ಲಿ ಅಂದರು. ಆಟೋಗೆ ಹೋಗ್ತಾ 210, ಬರ್ತಾ 240. ಮನೆಗೆ ಬಂದು ಉಪ್ಪಿಟ್ಟು ಮಾಡಿದೆ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಪಾರ್ಸೆಲ್ ಪ್ರಿಯ: ಸುಮ್ನೆ ಪಾರ್ಸೆಲ್ ತನ್ನಿ. ನಾನು ಹಾಗೇ ಮಾಡುವುದು.

ಬಸವನಗುಡಿಯವ: ಪಾರ್ಸೆಲ್ ದೋಸೆಯಾ? ಮನೆ ಸೇರುವಷ್ಟರಲ್ಲಿ ಬೆವತು ಚರ್ಮದ ಹಾಗಾಗಿರುತ್ತದೆ. ಅದನ್ನು ದೋಸೆ ಅನ್ನಬೇಡಿ.

ಪಾರ್ಸೆಲ್ ಪ್ರಿಯ: ಮನೆಯಲ್ಲಿ ಎರಡು ವರ್ಷದ ಮಗು ಇದೆ ಸ್ವಾಮಿ. ಬಿಸಿಲಲ್ಲಿ ಅದನ್ನು ಎತ್ತಿಕೊಂಡು ನಿಲ್ಲೋಕೆ ನೀವು ಬರ್ತೀರಾ?

ಜಯನಗರ ಗಿರಿ: ನಿಜವಾದ ಕಾಟ ಬೇರೆ. ಒಬ್ಬ ನಿಂತು ಹೆಸರು ಬರೆಸುವುದು, ಕೂಗುವ ಹೊತ್ತಿಗೆ ಕಾರಿಂದ ಆರು ಜನ ಇಳಿಯುವುದು. ಹೋದ ತಿಂಗಳು ನಮ್ಮ ಮುಂದೆ ಹೀಗೇ ಎರಡು ಟೇಬಲ್ ಹೋಯಿತು. ನಾನು ಜಗಳ ಮಾಡಿದೆ, ಮಾಡಿದ್ದು ಸರಿ.

ಸುಧಾ: ವಯಸ್ಸಾದವರನ್ನು ಕಾರಲ್ಲಿ ಕೂರಿಸಿದರೆ ತಪ್ಪಾ ಗಿರಿಯವರೇ? ಅವತ್ತು ನಮಗೆ ಕಾರಿದ್ದಿದ್ದರೆ ಅಮ್ಮನಿಗೆ ಹಾಗಾಗುತ್ತಿರಲಿಲ್ಲ.

ಜಯನಗರ ಗಿರಿ: ವಯಸ್ಸಾದವರ ಮಾತಲ್ಲ. ಇಳಿದವರೆಲ್ಲ ಕಾಲೇಜು ಹುಡುಗರು.

ಲಾಲ್‌ಬಾಗ್ ವಾಕರ್: ನಾನು ಕ್ಯೂ ನಿಲ್ಲುವುದು ಎಂಟಿಆರ್ ಹೋಟೆಲಿನ ರವೆ ಇಡ್ಲಿಗೆ ಮಾತ್ರ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಅವರು ರವೆಯಲ್ಲಿ ಮಾಡಿದ್ದಂತೆ. ದೋಸೆ ಎಲ್ಲಾ ಕಡೆ ಸಿಗುತ್ತದೆ ಅಲ್ವಾ?

ಬಸವನಗುಡಿಯವ: ಎಲ್ಲಾ ಕಡೆ ಸಿಗುತ್ತದಾ? ಹಾಗಾದರೆ ಅವರಪ್ಪ ಊರಿಂದ ಯಾಕೆ ಬರುತ್ತಿದ್ದಾರೆ?

ಪ್ರಶ್ನೆ ಕೇಳಿದವರು: ಶನಿವಾರ ಸಂಜೆಯೇ ಬರಲು ಹೇಳಿದ್ದೇನೆ. ಬೆಳಿಗ್ಗೆ ಆರಕ್ಕೇ ಹೊರಡುತ್ತೇವೆ. ಬಿಸ್ಕತ್ತು, ಮಡಚುವ ಸ್ಟೂಲ್ ಎರಡೂ ಇಟ್ಟುಕೊಂಡೆ, ಸುಧಾ ಅವರೇ.