ಸವಳು ನೀರಿನಲ್ಲಿ ಭತ್ತದ ಮೊಳಕೆ: ಒಂದು ತಟ್ಟೆ, ನೂರು ಬೀಜ ಸಾಕೇ?

ಪ್ರಶ್ನೆ (ಪಿಯುಸಿ ವಿದ್ಯಾರ್ಥಿನಿ, ಸಿಂಧನೂರು):
ತುಂಗಭದ್ರಾ ಎಡದಂಡೆ ಕಾಲುವೆಯ ನಮ್ಮ ಭಾಗದಲ್ಲಿ ಸವಳು ಏರಿದ ಗದ್ದೆಗಳು ಬೇಸಿಗೆಯಲ್ಲಿ ಬೆಳ್ಳಗೆ ಉಪ್ಪುಗಟ್ಟುತ್ತವೆ. ಉಪ್ಪಿನಂಶ ಹೆಚ್ಚಿದಂತೆ ಭತ್ತದ ಮೊಳಕೆ ಕುಗ್ಗುತ್ತದೆ ಎಂಬ ಊಹೆಯನ್ನು ಜೀವಶಾಸ್ತ್ರದ ಪ್ರಾಜೆಕ್ಟಿನಲ್ಲಿ ಪರೀಕ್ಷಿಸಬೇಕೆಂದಿದ್ದೇನೆ. ಒಂದು ತಟ್ಟೆಗೆ ಉಪ್ಪುನೀರು, ಇನ್ನೊಂದಕ್ಕೆ ಸಾದಾ ನೀರು ಹಾಕಿ ತಲಾ ನೂರು ಬೀಜ ಇಡುವ ಯೋಚನೆಯಿದೆ. ಅದು ಸಾಲದೆಂದು ನಮ್ಮ ಉಪನ್ಯಾಸಕರು ಹೇಳುತ್ತಾರೆ. ನೂರು ಬೀಜವೆಂದರೆ ನೂರು ಅವಲೋಕನಗಳಲ್ಲವೇ?

ಉತ್ತರ (ನಿವೃತ್ತ ಉಪನ್ಯಾಸಕ, ರಾಯಚೂರು):
ಅಲ್ಲ ತಂಗಿ. ನೀವು ಉಪ್ಪುನೀರು ಕೊಡುವುದು ತಟ್ಟೆಗೆ, ಒಂದೊಂದು ಬೀಜಕ್ಕೆ ಬೇರೆಬೇರೆಯಾಗಿ ಅಲ್ಲ. ಒಂದೇ ತಟ್ಟೆಯ ಬೀಜಗಳಿಗೆಲ್ಲ ಒಂದೇ ಕಾಗದ, ಒಂದೇ ತೇವ, ಒಂದೇ ಬೂಷ್ಟು. ಕಿಟಕಿಯ ಪಕ್ಕದ ತಟ್ಟೆ ರಾಯಚೂರಿನ ಸೆಕೆಗೆ ಬೇಗ ಒಣಗಿದರೆ ನೂರೂ ಬೀಜಗಳು ಒಟ್ಟಿಗೆ ಸೊರಗುತ್ತವೆ, ನೀವು ಅದನ್ನು ಉಪ್ಪಿನ ಪರಿಣಾಮವೆಂದು ಬರೆದುಕೊಳ್ಳುತ್ತೀರಿ. ಆದ್ದರಿಂದ ಪ್ರತಿ ಪ್ರಮಾಣಕ್ಕೂ 25 ಬೀಜಗಳ ನಾಲ್ಕು ತಟ್ಟೆಗಳನ್ನಿಟ್ಟು, ಯಾವ ತಟ್ಟೆ ಎಲ್ಲಿರಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಹೀಗೆ ಯಾದೃಚ್ಛಿಕವಾಗಿ ಹಂಚುವುದನ್ನು ಪ್ರಯೋಗ ವಿನ್ಯಾಸದ ತಳಹದಿಯಾಗಿಸಿದವರು, ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರವನ್ನು 1919ರಲ್ಲಿ ಸೇರಿದ ರೊನಾಲ್ಡ್ ಫಿಶರ್.

ಉತ್ತರ (ಕೃಷಿ ಪದವೀಧರೆ, ಗಂಗಾವತಿ):
ಸಾದಾ ನೀರೆಂದು ಬೋರ್‌ವೆಲ್ ನೀರು ಬಳಸಬೇಡಿ. ನಮ್ಮ ಕಡೆ ಅದರಲ್ಲೇ ಉಪ್ಪಿರುತ್ತದೆ. ಬಟ್ಟಿ ಇಳಿಸಿದ ನೀರಿನಲ್ಲಿ ಲೀಟರಿಗೆ 0, 3, 6, 9 ಗ್ರಾಂ ಸೋಡಿಯಂ ಕ್ಲೋರೈಡ್ ಕರಗಿಸಿ. ಬೇರು 2 ಮಿಲಿಮೀಟರ್ ಹೊರಬಂದರೆ ಮಾತ್ರ ಮೊಳೆತಂತೆ ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಇಲ್ಲವಾದರೆ ಇವತ್ತು ಉಬ್ಬಿದ ಬೀಜವನ್ನೂ ಎಣಿಸಿ ನಾಳೆ ಬಿಟ್ಟುಬಿಡುತ್ತೀರಿ. ತಟ್ಟೆಗಳಿಗೆ ಬರೀ ಸಂಖ್ಯೆ ಬರೆದು, ಯಾವುದರಲ್ಲಿ ಎಷ್ಟು ಉಪ್ಪಿದೆಯೆಂದು ತಿಳಿಯದ ಗೆಳತಿಯಿಂದ ಎಣಿಸಿಸಿದರೆ ಇನ್ನೂ ಒಳ್ಳೆಯದು.

ಮುಖ್ಯವಾದ ಇನ್ನೊಂದು ವಿಷಯವಿದೆ. ಭತ್ತವು ಮೊಳೆಯುವ ಹಂತದಲ್ಲಿ ಉಪ್ಪನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ; ಎಳೆಯ ಸಸಿಯಾಗಿರುವಾಗ ಮತ್ತು ಹೂಬಿಡುವಾಗ ಹೆಚ್ಚು ನಲುಗುತ್ತದೆ. ಮೊಳಕೆಯ ಸಂಖ್ಯೆಯಲ್ಲಿ ವ್ಯತ್ಯಾಸ ಕಾಣದಿದ್ದರೂ ಅದನ್ನು ಹಾಗೆಯೇ ದಾಖಲಿಸಿ, ಸಸಿಗಳ ಬೇರು ಮತ್ತು ಕಾಂಡದ ಉದ್ದವನ್ನೂ ಅಳೆಯಿರಿ.

ವಿದ್ಯಾರ್ಥಿನಿ:
ಧನ್ಯವಾದಗಳು ಸರ್, ಮೇಡಂ. ಒಂದು ತಟ್ಟೆಗೆ ಬೂಷ್ಟು ಹಿಡಿದರೆ ಅದನ್ನು ಲೆಕ್ಕದಿಂದ ತೆಗೆಯಬಹುದೇ?

ನಿವೃತ್ತ ಉಪನ್ಯಾಸಕ:
ಎಷ್ಟು ಬೀಜಗಳಿಗೆ ಬೂಷ್ಟು ಹಿಡಿದರೆ ತಟ್ಟೆಯನ್ನು ಕೈಬಿಡುವಿರೆಂಬ ನಿಯಮವನ್ನು ಪ್ರಯೋಗಕ್ಕೆ ಮುಂಚೆಯೇ ಬರೆದಿಟ್ಟಿದ್ದರೆ ತೆಗೆಯಬಹುದು. ಆಗಲೂ ಆ ತಟ್ಟೆಯ ಅಂಕಿಗಳು, ಕೈಬಿಟ್ಟ ಕಾರಣ ಮತ್ತು ದಿನಾಂಕ ನಿಮ್ಮ ಪುಸ್ತಕದಲ್ಲಿ ಉಳಿದಿರಬೇಕು.