ದೊಡ್ಡಪ್ಪನ 1968ರ ಹೆಮಿ ಡಾರ್ಟ್ ಮಾರಬೇಕು, ಗ್ಯಾರೇಜ್ ಬಾಗಿಲು ತೆಗೆದ ಮೇಲೆ ಮೊದಲ ಕೆಲಸ ಏನು?

ಬಟವಾಡಿ_06 (ತುಮಕೂರು)

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ಅಮೆರಿಕದ ಮಿಶಿಗನ್‌ನಲ್ಲಿದ್ದರು, ಹೋದ ವರ್ಷ ತೀರಿಕೊಂಡರು. ಅಲ್ಲಿನ ಗ್ಯಾರೇಜಿನಲ್ಲಿ ಅವರ 1968ರ ಡಾಡ್ಜ್ ಡಾರ್ಟ್ ನಿಂತಿದೆ. 426 ಹೆಮಿ ಅನ್ನೋ ದೊಡ್ಡ ವಿ8 ಎಂಜಿನ್, ಕಂಪನಿಯವರೇ ಡ್ರ್ಯಾಗ್ ರೇಸಿಗೆಂದು (ನೇರ ದಾರಿಯಲ್ಲಿ ವೇಗದ ಓಟ) ಕಟ್ಟಿಸಿದ ಗಾಡಿ ಅಂತ ಅವರು ಹೇಳುತ್ತಿದ್ದರು. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಸ್ಟಾರ್ಟ್ ಆಗಿಲ್ಲ. ದೊಡ್ಡಮ್ಮ ಈಗ ಇಲ್ಲೇ ತುಮಕೂರಿನಲ್ಲಿ ನಮ್ಮ ಜೊತೆ ಇದ್ದಾರೆ. ಟೆಕ್ಸಾಸ್‌ನಲ್ಲಿರುವ ಅವರ ಮಗಳು, ನಮ್ಮ ಅಕ್ಕ, ಮುಂದಿನ ತಿಂಗಳು ಹೋಗಿ ಗ್ಯಾರೇಜ್ ಖಾಲಿ ಮಾಡಿಸಬೇಕು.

ಅಲ್ಲಿನ ಒಬ್ಬ ವ್ಯಾಪಾರಿ ಫೋನ್ ಮಾಡಿ, "ಓಡದ ಗಾಡಿಗೆ ಬೆಲೆ ಇಲ್ಲ, ಈ ವಾರವೇ ಕ್ಯಾಶ್ ಕೊಟ್ಟು ಎತ್ತಿಕೊಂಡು ಹೋಗ್ತೀನಿ" ಅಂತ ಒತ್ತಾಯ ಮಾಡುತ್ತಿದ್ದಾನೆ. ಗಾಡಿ ಅಸಲಿಯೋ ಅಲ್ಲವೋ ಗೊತ್ತು ಮಾಡಿಕೊಳ್ಳೋದು ಹೇಗೆ? ಸರ್ವಿಸ್, ಪೇಂಟ್ ಮಾಡಿಸಿ ಮಾರೋದಾ, ಹಾಗೇ ಮಾರೋದಾ? ದೊಡ್ಡಮ್ಮನ ಸಹಿ, ಕಾಗದಪತ್ರಕ್ಕೆ ಇಲ್ಲಿಂದ ಏನು ಮಾಡಬೇಕು? ವಾಟ್ಸಾಪ್‌ನಲ್ಲಿ ಬೇಕಾದ ಫೋಟೋ ತರಿಸಬಲ್ಲೆ.

ಕ್ಯಾತ್ಸಂದ್ರ ಕಾರ್ಬ್ಯುರೇಟರ್

ಮೊದಲು ಆ ವ್ಯಾಪಾರಿಗೆ "ಇಲ್ಲ" ಅಂತ ಹೇಳಿಬಿಡಿ. ಅಸಲಿ ಆಗಿದ್ದರೆ ಈ ಗಾಡಿ ಓಡದೆಯೂ ಬೆಲೆ ಬಾಳುತ್ತೆ. ಅದು ಅವನಿಗೆ ಚೆನ್ನಾಗಿ ಗೊತ್ತಿರೋದಕ್ಕೇ ಅವಸರ.

1968ರಲ್ಲಿ ಕ್ರೈಸ್ಲರ್ ಕಂಪನಿ (ಡಾಡ್ಜ್, ಪ್ಲಿಮತ್ ಅದರದೇ ಬ್ರಾಂಡ್) ಸೂಪರ್ ಸ್ಟಾಕ್ ಅನ್ನೋ ಡ್ರ್ಯಾಗ್ ರೇಸ್ ವರ್ಗಕ್ಕಾಗಿ ಹೆಮಿ ಡಾರ್ಟ್‌ಗಳನ್ನು ಸುಮಾರು 80 ಮಾತ್ರ ಮಾಡಿಸಿತು. ಅದರ ಜೋಡಿ ಪ್ಲಿಮತ್ ಬ್ಯಾರಕುಡಾ. ಕಾರ್ಖಾನೆಯಿಂದ ಬಾಡಿ ಹೊರಬಂದ ಮೇಲೆ ಎಂಜಿನ್ ಕೂರಿಸಿ ರೇಸ್ ಗಾಡಿ ಮಾಡಿದ್ದು ಹರ್ಸ್ಟ್ ಕಂಪನಿ. ಸಾಮಾನ್ಯ ಡಾರ್ಟ್‌ಗಳು ಲಕ್ಷಗಟ್ಟಲೆ ತಯಾರಾಗಿವೆ. ಹಾಗಾಗಿ ಮಾಮೂಲಿ ಡಾರ್ಟ್‌ಗೆ ಹೆಮಿ ಎಂಜಿನ್ ಇಳಿಸಿ ಅಸಲಿ ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಎಂಜಿನ್ ನೋಡಿ ಏನೂ ತೀರ್ಮಾನ ಮಾಡಬೇಡಿ, ಬಾಡಿ ನೋಡಿ.

ಚಾಸಿ ನಂಬರ್, ಅಲ್ಲಿನವರ ಮಾತಲ್ಲಿ ವಿನ್, ಚಾಲಕನ ಕಡೆ ಡ್ಯಾಶ್‌ಬೋರ್ಡ್ ಮೇಲೆ ಗಾಜಿನ ಒಳಗಿಂದ ಕಾಣುತ್ತೆ. 13 ಅಕ್ಷರ. ಶುರುವಾಗಬೇಕಾದ್ದು ಎಲ್‌ಒ23ಎಂ8ಬಿ ಅಂತ. ಎಲ್ ಅಂದರೆ ಡಾರ್ಟ್, ಒ ಅಂದರೆ ಸೂಪರ್ ಸ್ಟಾಕ್, 23 ಎರಡು ಬಾಗಿಲಿನ ಹಾರ್ಡ್‌ಟಾಪ್, ಎಂ ವಿಶೇಷ ಎಂಜಿನ್, 8 ವರ್ಷ, ಬಿ ಹ್ಯಾಮ್‌ಟ್ರ್ಯಾಮಿಕ್ ಕಾರ್ಖಾನೆ. ಎಲ್‌ಎಸ್23 ಅಂತಿದ್ದರೆ ಅದು ಜಿಟಿಎಸ್ ಡಾರ್ಟ್. ಒಳ್ಳೆಯ ಗಾಡಿಯೇ, ಆದರೆ ಇದಲ್ಲ.

ಆ ತಗಡಿನ ಫೋಟೋ ತೆಗೆಯುವಾಗ ಎರಡು ತುದಿಯ ರಿವೆಟ್ಟೂ ಸ್ಪಷ್ಟವಾಗಿ ಬರಲಿ. ಹೂವಿನ ಎಸಳಿನಂತೆ ತಲೆ ಇರುವ ರಿವೆಟ್ ಇರಬೇಕು. ಮಾಮೂಲಿ ಪಾಪ್ ರಿವೆಟ್ ಇದ್ದರೆ ಯಾರೋ ತಗಡು ಬದಲಿಸಿದ್ದಾರೆ ಅನ್ನೋ ಅನುಮಾನ ಬರುತ್ತೆ. ಒರೆಸೋದಕ್ಕೆ, ಸರಿಮಾಡೋದಕ್ಕೆ ಅಂತಲೂ ತಗಡನ್ನು ಬಿಚ್ಚಬಾರದು, ಅಲ್ಲಿ ಅದು ಫೆಡರಲ್ ಅಪರಾಧ ಆಗಬಹುದು. 1968ರಿಂದ ನಂಬರಿನ ಕೊನೆಯ ಭಾಗವನ್ನು ಬಾಡಿಯಲ್ಲೂ ಗುದ್ದುತ್ತಿದ್ದರು. ರೇಡಿಯೇಟರ್ ಹಿಡಿದಿರುವ ಚೌಕಟ್ಟಿನ ಮೇಲ್ಭಾಗ ನೋಡಿ. ಪೇಂಟ್ ದಪ್ಪಗಿದ್ದರೆ ಕೆರೆಯಬೇಡಿ, ಟಾರ್ಚನ್ನು ಪಕ್ಕದಿಂದ ಹಿಡಿದರೆ ಅಂಕಿಗಳ ನೆರಳು ಬೀಳುತ್ತೆ.

ಇನ್ನು ಗಾಡಿಯೇ ಹೇಳೋ ಸಾಕ್ಷಿಗಳು. ಮುಂದಿನ ಮಡ್‌ಗಾರ್ಡ್ ಮತ್ತು ಬಾನೆಟ್ ಫೈಬರ್‌ಗ್ಲಾಸ್, ಅಯಸ್ಕಾಂತ ಹಿಡಿಯಲ್ಲ. ಬಾಗಿಲಿಗೆ ಹಿಡಿಯುತ್ತೆ, ಆದರೆ ಅದರ ತಗಡನ್ನು ಆಸಿಡ್‌ನಲ್ಲಿ ತೆಳುಮಾಡಿರುತ್ತಾರೆ, ಬೆರಳಲ್ಲಿ ಒತ್ತಿದರೂ ನಡುಗುತ್ತೆ. ಕಿಟಕಿ ಗಾಜು ತೆಳು. ಏರಿಸಲು ಹ್ಯಾಂಡಲ್ ಇಲ್ಲ, ಪಟ್ಟಿ ಹಿಡಿದು ಎಳೆಯೋದು. ಮುಂದಿನ ಸೀಟುಗಳು ಎ100 ವ್ಯಾನಿನವು, ಹಿಂದೆ ಸೀಟೇ ಇಲ್ಲ. ಬ್ಯಾಟರಿ ಡಿಕ್ಕಿಯಲ್ಲಿ. ಅಗಲದ ಸ್ಲಿಕ್ ಟೈರ್ (ಗೀರಿಲ್ಲದ ರೇಸ್ ಟೈರ್) ಹಿಡಿಸಲು ಹಿಂದಿನ ಚಕ್ರದ ಕಮಾನನ್ನು ದೊಡ್ಡದು ಮಾಡಿರುತ್ತಾರೆ. ಬಾನೆಟ್ ತೆಗೆದರೆ ಬಲಗಡೆಯ ಶಾಕ್ ಟವರ್ (ಶಾಕ್ ಅಬ್ಸಾರ್ಬರ್ ಕೂರುವ ತಗಡಿನ ಗೋಡೆ) ಹೆಮಿಯ ಅಗಲಕ್ಕೆ ಜಾಗ ಬಿಟ್ಟು ಎಂಜಿನ್ನಿನಿಂದ ಆಚೆಗೆ ಸರಿದಿರಬೇಕು, ಬ್ರೇಕ್ ಮಾಸ್ಟರ್ ಸಿಲಿಂಡರ್ ಸಹ ಮಾಮೂಲಿ ಜಾಗದಿಂದ ಪಕ್ಕಕ್ಕೆ ಹೋಗಿರಬೇಕು. ನಾಲ್ಕು ಗೇರಿನದಾದರೆ ಹಿಂದೆ ಡಾನಾ 60 ಆಕ್ಸಲ್, 4.88 ಅನುಪಾತ. ಆಟೊಮ್ಯಾಟಿಕ್ ಆದರೆ ಎಂಟೂಮುಕ್ಕಾಲು ಇಂಚಿನ ಡಿಫರೆನ್ಷಿಯಲ್, 4.86.

ಇಷ್ಟರ ಫೋಟೋ ತರಿಸಿ. ಅಲ್ಲಿಯವರೆಗೂ ಗಾಡಿಯ ಧೂಳು ಕೂಡ ಒರೆಸಬೇಡಿ.

ಸಿರಾಗೇಟ್ ಸ್ಪೀಡ್

ಧೂಳು ಒರೆಸದೆ ಮಾರೋದು ಅಂದರೆ ಅತಿಯಾಯಿತು ಅಣ್ಣ. ಯಾವ ಗಾಡಿಯಾದರೂ ಸ್ಟಾರ್ಟ್ ಆಗಿ ಸದ್ದು ಕೇಳಿಸಿದರೆ ಗಿರಾಕಿ ನಾಲ್ಕು ಕಾಸು ಜಾಸ್ತಿ ಕೊಡ್ತಾನೆ. ಹೊಸ ಬ್ಯಾಟರಿ, ಹೊಸ ಪೆಟ್ರೋಲ್ ಹಾಕಿ ಒಂದು ಸಲ ಸ್ಟಾರ್ಟ್ ಮಾಡಿ ವಿಡಿಯೋ ತೆಗೆಸಿ.

ಕೆಜಿಎಫ್ ಕ್ರ್ಯಾಂಕ್‌ಶಾಫ್ಟ್

ದಯವಿಟ್ಟು ಅದೊಂದು ಮಾತ್ರ ಮಾಡಿಸಬೇಡಿ. ಇಪ್ಪತ್ತು ವರ್ಷ ನಿಂತ ಹೆಮಿಗೆ ಸೆಲ್ಫ್ ಹೊಡೆದರೆ ಆಗೋದು ಹೀಗೆ: ಬೇರಿಂಗ್ ಮೇಲಿನ ಎಣ್ಣೆ ಎಂದೋ ಇಳಿದುಹೋಗಿರುತ್ತೆ, ರಿಂಗ್‌ಗಳು ಸಿಲಿಂಡರಿಗೆ ತುಕ್ಕಲ್ಲಿ ಕಚ್ಚಿಕೊಂಡಿರುತ್ತವೆ, ಒಂದೆರಡು ವಾಲ್ವ್ ಗೈಡಿನಲ್ಲಿ ಸಿಕ್ಕಿಕೊಂಡಿರಬಹುದು. 12.5ಕ್ಕೆ 1 ಕಂಪ್ರೆಷನ್ ಇರುವ ಎಂಜಿನ್ನಿನಲ್ಲಿ ಪಿಸ್ಟನ್ ತಲೆಗೂ ವಾಲ್ವಿಗೂ ನಡುವೆ ಇರೋ ಜಾಗವೇ ಕಡಿಮೆ. ಕಚ್ಚಿಕೊಂಡ ವಾಲ್ವಿಗೆ ಪಿಸ್ಟನ್ ತಾಗಿದರೆ ಪುಷ್‌ರಾಡ್ ಬಗ್ಗುತ್ತೆ, ವಾಲ್ವ್ ಬಗ್ಗುತ್ತೆ. ಆ ವಿಡಿಯೋಗಾಗಿ ಹೆಡ್ ಬಿಚ್ಚೋ ಕೆಲಸ ತಂದುಕೊಂಡಂತೆ. ತಿಳಿದ ಗಿರಾಕಿಗೆ ಬೇಕಾದ್ದು ಸದ್ದಲ್ಲ, ಒಳಗೆ ಏನಿದೆ ಅನ್ನೋದರ ಪುರಾವೆ. ಅದನ್ನು ಸ್ಟಾರ್ಟ್ ಮಾಡದೆಯೇ ಕೊಡಬಹುದು.

ಅಕ್ಕ ಒಬ್ಬ ಹಳೆಯ ಮೋಪಾರ್ (ಕ್ರೈಸ್ಲರ್ ಬಳಗದ ಗಾಡಿಗಳ) ಮೆಕ್ಯಾನಿಕ್‌ನನ್ನು ಅರ್ಧ ದಿನಕ್ಕೆ ಕರೆಸಲಿ. ಎಂಟೂ ಪ್ಲಗ್ ಬಿಚ್ಚಬೇಕು. ಹೆಮಿಯಲ್ಲಿ ಪ್ಲಗ್ ವಾಲ್ವ್ ಕವರಿನ ನಡುವೆ ಉದ್ದನೆಯ ಕೊಳವೆಯೊಳಗೆ ಕೂತಿರುತ್ತೆ. ಬಿಚ್ಚುವ ಮೊದಲು ಕೊಳವೆಯೊಳಗಿನ ಕಸವನ್ನು ವ್ಯಾಕ್ಯೂಮ್‌ನಿಂದ ಹೀರಿಸಬೇಕು, ಇಲ್ಲದಿದ್ದರೆ ಅಷ್ಟೂ ಸಿಲಿಂಡರಿಗೆ ಬೀಳುತ್ತೆ. ಪ್ಲಗ್‌ಗಳನ್ನು 1ರಿಂದ 8 ಅಂತ ಗುರುತಿಟ್ಟು ಸಾಲಾಗಿ ಇಟ್ಟು ಫೋಟೋ. ಆಮೇಲೆ ಬೋರ್‌ಸ್ಕೋಪ್ (ಸಣ್ಣ ಕೊಳವೆ ಕ್ಯಾಮೆರಾ) ಇಳಿಸಿ ಪ್ರತಿ ಸಿಲಿಂಡರಿನ ವಿಡಿಯೋ. ಗೋಡೆಯ ಮೇಲೆ ತುಕ್ಕಿನ ಉಂಗುರ ಕಂಡರೆ ಅಲ್ಲಿಗೇ ನಿಲ್ಲಿಸಿ, ತಿರುಗಿಸೋದು ಬೇಡ.

ಗೋಡೆ ಚೊಕ್ಕಟವಿದ್ದರೆ ಪ್ರತಿ ಸಿಲಿಂಡರಿಗೆ 10ರಿಂದ 15 ಮಿಲಿ ತೆಳು ಎಣ್ಣೆ ಬಿಟ್ಟು ಎರಡು ದಿನ ಬಿಡಿ. ಆಮೇಲೆ ವಾಲ್ವ್ ಕವರ್ ತೆಗೆದು, ಮುಂದಿನ ಕ್ರ್ಯಾಂಕ್ ಬೋಲ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ, ಮುಂದಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ಕೈಯಲ್ಲೇ ನಿಧಾನಕ್ಕೆ ಎರಡು ಪೂರ್ತಿ ಸುತ್ತು. 16 ರಾಕರ್ ಕೂಡ ಇಳಿದು ಏರುತ್ತಿವೆಯಾ ಅಂತ ಒಬ್ಬರು ನೋಡುತ್ತಿರಬೇಕು. ಯಾವುದೋ ಒಂದು ಇಳಿದು ವಾಪಸ್ ಬರಲಿಲ್ಲ ಅಂದರೆ ಕೈ ನಿಲ್ಲಿಸಿ. ಬಿಗಿ ಸಿಕ್ಕಿದರೆ ಬಲ ಹಾಕಬೇಡಿ.

ಇಷ್ಟು ಸಲೀಸಾದರೆ ಲೀಕ್‌ಡೌನ್ ಪರೀಕ್ಷೆ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತೆ ಅಂತ ನೋಡೋದು) ಮಾಡಿಸಿ ಎಂಟು ಸಿಲಿಂಡರಿನ ಅಂಕಿ ಬರೆಸಿಕೊಳ್ಳಿ. ನಿಂತ ಎಂಜಿನ್ನಿನಲ್ಲಿ ಅಂಕಿ ಚೆನ್ನಾಗಿ ಬರೋದು ಕಷ್ಟ, ಬಂದಷ್ಟು ಬರೆಯಿರಿ. ಗಾಳಿ ಎಲ್ಲಿಂದ ಹೋಗುತ್ತಿದೆ, ಕಾರ್ಬ್ಯುರೇಟರಿನಿಂದಲೋ ಸೈಲೆನ್ಸರ್ ಕಡೆಯಿಂದಲೋ ಎಣ್ಣೆ ಹಾಕುವ ಬಾಯಿಂದಲೋ, ಅದನ್ನೂ ಬರೆಸಿ. ಮುಂದೆ ಸ್ಟಾರ್ಟ್ ಮಾಡೋದು ಕೊಂಡವರ ಕೆಲಸ. ಅವರಾದರೆ ಡಿಸ್ಟ್ರಿಬ್ಯೂಟರ್ ಎತ್ತಿ, ಕೆಳಗಿನ ಶಾಫ್ಟ್ ತೆಗೆದು, 5/16 ಇಂಚಿನ ಷಡ್ಭುಜ ಸರಳಿನಿಂದ ಆಯಿಲ್ ಪಂಪ್ ತಿರುಗಿಸಿ, ಗೇಜಿನಲ್ಲಿ ಒತ್ತಡ ಏರಿದ ಮೇಲೆಯೇ ಕೀಲಿ ತಿರುಗಿಸುತ್ತಾರೆ.

ಪೆಟ್ರೋಲ್ ಟ್ಯಾಂಕ್ ಮಾತ್ರ ಈಗಲೇ ಖಾಲಿ ಮಾಡಿಸಿ, ಅದು ಬೆಂಕಿಯ ವಿಷಯ.

ಬಟವಾಡಿ_06

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಕ್ಕದ ಮನೆಯವರಿಂದ ಫೋಟೋ ತರಿಸಿದೆ. ವಿನ್ ಎಲ್‌ಒ23ಎಂ8ಬಿ ಅಂತಲೇ ಶುರುವಾಗುತ್ತೆ, ರಿವೆಟ್ ಹೂವಿನಾಕಾರ. ಮಡ್‌ಗಾರ್ಡಿಗೆ ಅಯಸ್ಕಾಂತ ಹಿಡಿಯಲ್ಲ. ಆದರೆ ಸೀಟು ಬೇರೆ ಯಾವುದೋ ರೇಸ್ ಸೀಟು, ಒಳಗೆ ಪೈಪಿನ ರೋಲ್ ಕೇಜ್ ಇದೆ, ಗಾಜು ಪ್ಲಾಸ್ಟಿಕ್ ತರಹ ಕಾಣುತ್ತೆ. ಬಣ್ಣ ಕೆಂಪು, ಅಲ್ಲಲ್ಲಿ ಚಕ್ಕೆ ಎದ್ದಿದೆ. ಅಟ್ಟದ ಮೇಲೆ ಕಂಬಳಿ ಸುತ್ತಿದ ಏನೇನೋ ಸಾಮಾನು, ಆರೇಳು ಪೆಟ್ಟಿಗೆ. ಸ್ಕ್ರಾಪ್ ಅಂತ ಅಂದುಕೊಂಡಿದ್ದೆವು. ಬಣ್ಣ ಮಾತ್ರವಾದರೂ ಹೊಡೆಸಬಹುದಾ?

ಕ್ಯಾತ್ಸಂದ್ರ ಕಾರ್ಬ್ಯುರೇಟರ್

ಹೊಡೆಸಬೇಡಿ! ಆ ಕಂಬಳಿಯನ್ನು ಮೊದಲು ಬಿಚ್ಚಿಸಿ, ಎರಡು ಜನ ಸೇರಿ, ನೆಲಕ್ಕೆ ದಪ್ಪ ಹಾಸು ಹಾಸಿ. ರೇಸ್ ಮಾಡುವವರು ಗಾಜು, ಸೀಟು ಬಿಚ್ಚಿ ಅಟ್ಟಕ್ಕೆ ಹಾಕೋದು ವಾಡಿಕೆ. 1968ರ ತೆಳು ಗಾಜು, ವ್ಯಾನ್ ಸೀಟು, ಅದರ ಅಲ್ಯೂಮಿನಿಯಂ ಬ್ರಾಕೆಟ್, ಎರಡು ಹೋಲಿ ಕಾರ್ಬ್ಯುರೇಟರ್ ಕೂರುವ ಕ್ರಾಸ್ ರ‍್ಯಾಮ್ ಇನ್‌ಟೇಕ್ ಅಲ್ಲಿ ಸಿಕ್ಕರೆ ಅದು ಸ್ಕ್ರಾಪ್ ಅಲ್ಲ, ಗಾಡಿಯ ಅರ್ಧ ಅಂಗ. ಬಿಡಿಬಿಡಿಯಾಗಿ ಮಾರಬೇಡಿ. ಪ್ರತಿಯೊಂದಕ್ಕೂ ದಾರದಲ್ಲಿ ಚೀಟಿ ಕಟ್ಟಿ (ಅಂಟುವ ಸ್ಟಿಕ್ಕರ್ ಬೇಡ), ಎರಕದ ನಂಬರಿನ ಫೋಟೋ ತೆಗೆದು ಪಟ್ಟಿ ಮಾಡಿ. ಎಂಜಿನ್ ಬ್ಲಾಕಿನ ಪಕ್ಕದಲ್ಲಿ 2468330 ಅಂತ ಉಬ್ಬಂಕಿ ಇದ್ದರೆ ಅದು ಆ ಕಾಲದ 426 ಹೆಮಿ ಬ್ಲಾಕ್. ಗಾಡಿಗೆ ಹುಟ್ಟಿದ ಬ್ಲಾಕ್ ಅಲ್ಲದಿದ್ದರೂ ಬೇಸರ ಬೇಡ. ರೇಸ್ ಗಾಡಿಗಳಲ್ಲಿ ಎಂಜಿನ್ ಒಡೆದು ಬದಲಾಗೋದು ಸಹಜ, ಕೊಳ್ಳುವವರಿಗೂ ಅದು ಗೊತ್ತು. ಬೇರೆ ಬ್ಲಾಕ್ ಅಂತ ನೇರವಾಗಿ ಬರೆದರೆ ಆಯಿತು.

ಬಣ್ಣದ ವಿಷಯ. ಈ ಗಾಡಿಗಳು ಕಂಪನಿಯಿಂದ ಬಂದಾಗ ಬಾಡಿ ಬರೀ ಬೂದು ಪ್ರೈಮರ್, ಫೈಬರ್ ಭಾಗ ಕಪ್ಪು. ಕೊಂಡವರು ತಮ್ಮ ಬಣ್ಣ ಹೊಡೆಸಿ ಬಾಗಿಲ ಮೇಲೆ ಡೀಲರ್ ಹೆಸರು, ಚಾಲಕನ ಹೆಸರು ಬರೆಸುತ್ತಿದ್ದರು. ರಾತ್ರಿ ದೀಪ ಆರಿಸಿ, ಟಾರ್ಚನ್ನು ಬಾಗಿಲಿಗೆ ಒರಗಿಸಿದಂತೆ ಹಿಡಿದು ಪಕ್ಕದಿಂದ ನೋಡಿಸಿ. ಕೆಂಪಿನ ಕೆಳಗೆ ಹಳೆಯ ಅಕ್ಷರದ ಅಂಚು ಕೂದಲೆಳೆಯಷ್ಟು ಉಬ್ಬಿ ಕಾಣಬಹುದು. ಹೆಸರಿನ ಎರಡಕ್ಷರ ಸಿಕ್ಕರೂ ಹಳೆಯ ರೇಸ್ ಫೋಟೋಗಳ ಜೊತೆ ಹೋಲಿಸಿ ಇದೇ ಗಾಡಿ ಅಂತ ತೋರಿಸಬಹುದು. ಹೊಸ ಬಣ್ಣಕ್ಕೆ ಅಂತ ಉಜ್ಜಿದರೆ ಆ ಇತಿಹಾಸವೆಲ್ಲ ಮರಳುಕಾಗದಕ್ಕೆ ಹೋಗುತ್ತೆ. ಟೈಮ್ ಸ್ಲಿಪ್ (ಓಟದ ಸಮಯದ ಚೀಟಿ), ಎನ್‌ಎಚ್‌ಆರ್‌ಎ (ಅಲ್ಲಿನ ಡ್ರ್ಯಾಗ್ ರೇಸ್ ಸಂಸ್ಥೆ) ಪರೀಕ್ಷೆಯ ಸ್ಟಿಕ್ಕರ್, ಬಿಲ್, ದೊಡ್ಡಪ್ಪನ ಕೈಬರಹದ ಡೈರಿ, ಎಲ್ಲ ಒಂದೇ ಫೈಲಿಗೆ ಸೇರಲಿ.

ಕೇಜ್ ಹಾಗೇ ಇರಲಿ, ಕತ್ತರಿಸಬೇಡಿ.

ಚಿಂತಾಮಣಿ ಲೆಕ್ಕಪತ್ರ

ಕಾಗದದ ಮಾತು. ನಮ್ಮಲ್ಲಿ ಆರ್‌ಸಿ ಇದ್ದಂತೆ ಅಲ್ಲಿ ಟೈಟಲ್. ಡ್ರ್ಯಾಗ್ ಗಾಡಿಗಳಲ್ಲಿ ತೊಡಕು ಏನೆಂದರೆ ಎಷ್ಟೋ ಗಾಡಿ ರಸ್ತೆಗೇ ಇಳಿದಿಲ್ಲ, ಟೈಟಲ್ಲೇ ಆಗಿಲ್ಲ, ಬರೀ ಮಾರಾಟದ ಚೀಟಿಯ ಮೇಲೆ ಕೈ ಬದಲಾಗಿವೆ. ದೊಡ್ಡಪ್ಪನ ಫೈಲಿನಲ್ಲಿ ಟೈಟಲ್ ಇದೆಯಾ, ಅದರ ಮೇಲೆ ಒಬ್ಬರ ಹೆಸರಿದೆಯಾ ಇಬ್ಬರದಾ, ವಿನ್ ಅಕ್ಷರಕ್ಕೆ ಅಕ್ಷರ ತಾಳೆಯಾಗುತ್ತಾ ನೋಡಿ. ಟೈಟಲ್ ಇಲ್ಲದಿದ್ದರೆ ಮಾರಾಟಕ್ಕೆ ಮೊದಲೇ ಮಾಡಿಸಿಕೊಳ್ಳಬೇಕು. ಹರಾಜು ಸಂಸ್ಥೆಗಳು ಅದಿಲ್ಲದೆ ಮುಂದೆ ಹೋಗಲ್ಲ.

ದೊಡ್ಡಪ್ಪ ಒಬ್ಬರ ಹೆಸರಿನಲ್ಲಿದ್ದರೆ ಪ್ರೊಬೇಟ್ ಕೋರ್ಟಿನಿಂದ (ತೀರಿಕೊಂಡವರ ಆಸ್ತಿ ವಿಚಾರಿಸುವ ಕೋರ್ಟ್) ಅಕ್ಕನನ್ನು ಪ್ರತಿನಿಧಿಯಾಗಿ ನೇಮಿಸಿ ಅಧಿಕಾರ ಪತ್ರ ತೆಗೆದುಕೊಂಡರೆ ಸಹಿ ಅವರೇ ಹಾಕಬಹುದು, ದೊಡ್ಡಮ್ಮ ಓಡಾಡಬೇಕಿಲ್ಲ. ಜಂಟಿ ಹೆಸರಿದ್ದರೆ ದೊಡ್ಡಮ್ಮನಿಂದ ಮುಖ್ತಾರ್‌ನಾಮೆ ಬೇಕಾಗುತ್ತೆ. ತುಮಕೂರಿನಲ್ಲೇ ನೋಟರಿ ಮುಂದೆ ಸಹಿ ಮಾಡಿಸಿ, ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ದೃಢೀಕರಣ, ಅದರ ಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ (ಹೊರದೇಶದಲ್ಲಿ ಕಾಗದ ಒಪ್ಪುವಂತೆ ಹಾಕುವ ಮುದ್ರೆ). ಅದರಲ್ಲಿ ಗಾಡಿಯ ವರ್ಷ, ಮಾದರಿ, ಪೂರ್ತಿ ವಿನ್ ಬರೆದಿರಲೇಬೇಕು. ಕರಡನ್ನು ಮಿಶಿಗನ್ ವಕೀಲರಿಂದ ತರಿಸಿಕೊಳ್ಳಿ, ಇಲ್ಲಿನ ಛಾಪಾ ಕಾಗದದ ಮಾಮೂಲಿ ನಮೂನೆ ಬೇಡ.

ಮಾರುವ ಮೊದಲು ಲಿಖಿತ ಮೌಲ್ಯಮಾಪನ ಮಾಡಿಸಿ, ದೊಡ್ಡಪ್ಪ ತೀರಿಕೊಂಡ ದಿನದ ಮಾರುಕಟ್ಟೆ ಬೆಲೆಗೆ. ಅಮೆರಿಕದ ತೆರಿಗೆಯಲ್ಲಿ ಪಿತ್ರಾರ್ಜಿತ ವಸ್ತುವಿನ ಮೂಲಬೆಲೆ ಅಂದರೆ ಆ ದಿನದ ಬೆಲೆ, ಅವರು ಎಂದೋ ಕೊಟ್ಟ ಬೆಲೆಯಲ್ಲ. ಸಂಗ್ರಹ ವಸ್ತುಗಳ ಲಾಭಕ್ಕೆ ಅಲ್ಲಿ ದರ ಗರಿಷ್ಠ 28%. ಹಾಗಾಗಿ ಆ ಒಂದು ಕಾಗದ ತೆರಿಗೆಯನ್ನು ತುಂಬಾ ಇಳಿಸಬಹುದು. ಜಂಟಿ ಹೆಸರಿದ್ದರೆ ಈ ಅನುಕೂಲ ಸಾಮಾನ್ಯವಾಗಿ ಅರ್ಧ ಪಾಲಿಗೆ ಮಾತ್ರ.

ಇಲ್ಲಿನ ಕಡೆ, ದೊಡ್ಡಮ್ಮನ ವಾಸದ ಸ್ಥಿತಿ ಆದಾಯ ತೆರಿಗೆ ಪ್ರಕಾರ ಏನು ಅನ್ನೋದು ಮೊದಲ ಪ್ರಶ್ನೆ. ವರ್ಷಗಟ್ಟಲೆ ಹೊರಗಿದ್ದು ಬಂದವರಿಗೆ ಶುರುವಿನ ಒಂದೆರಡು ವರ್ಷ ಹೊರದೇಶದ ಆದಾಯಕ್ಕೆ ರಿಯಾಯಿತಿ ಇರುತ್ತೆ. ಅದು ಮುಗಿಯುವ ಮೊದಲು ಮಾರೋದು ಒಳ್ಳೆಯದು. ಹಣವನ್ನು ಅಲ್ಲೇ ಇಡಲು ಫೆಮಾ (ವಿದೇಶಿ ವಿನಿಮಯ) ಕಾಯ್ದೆಯಲ್ಲಿ ಅವಕಾಶ ಇದೆ, ಇಲ್ಲಿಗೆ ತಂದರೆ ಆರ್‌ಎಫ್‌ಸಿ (ವಾಪಸ್ ಬಂದವರ ವಿದೇಶಿ ಹಣದ) ಖಾತೆಯಲ್ಲಿ ಡಾಲರಿನಲ್ಲೇ ಇಡಬಹುದು. ಎರಡೂ ದೇಶದ ತೆರಿಗೆ ಬಲ್ಲ ಸಿಎ ಹತ್ತಿರ ಒಂದು ಸಲ ಕೂತು ಮಾತಾಡಿ.

ಕೆಜಿಎಫ್ ಕ್ರ್ಯಾಂಕ್‌ಶಾಫ್ಟ್

ಎಲ್ಲಿ ಮಾರೋದು ಅನ್ನೋದನ್ನೂ ಸೇರಿಸುತ್ತೇನೆ. ಕೊಳ್ಳುವವರು ಎರಡು ಬಗೆ. ಇಂಡಿಯಾನಾಪೊಲಿಸ್‌ನ ಯುಎಸ್ ನ್ಯಾಷನಲ್ಸ್ ಡ್ರ್ಯಾಗ್ ರೇಸಿನಲ್ಲಿ ಈ ಹೆಮಿ ಗಾಡಿಗಳಿಗೇ ಅಂತ ಪ್ರತ್ಯೇಕ ಸ್ಪರ್ಧೆ ನಡೆಯುತ್ತೆ, ಅಲ್ಲಿ ಓಡಿಸುವವರಿಗೆ ಕೇಜ್ ಇದ್ದರೆ ತೊಂದರೆ ಇಲ್ಲ. ಸಂಗ್ರಹಕಾರರಿಗೆ ಬೇಕಾದ್ದು ಆ ಅಟ್ಟದ ಪೆಟ್ಟಿಗೆಗಳು. ನಿಮ್ಮ ಗಾಡಿ ಎರಡನೆಯವರ ಕೈಗೆ ಹೋಗೋದೇ ಲೇಸು.

ಮೀಕಮ್ ಕಂಪನಿಯ ದೊಡ್ಡ ಹರಾಜುಗಳು ಜನವರಿಯಲ್ಲಿ ಫ್ಲೋರಿಡಾದ ಕಿಸಿಮೀ, ಮೇ ತಿಂಗಳಲ್ಲಿ ಇಂಡಿಯಾನಾಪೊಲಿಸ್. ಮೋಪಾರ್ ಗಿರಾಕಿಗಳು ಅಲ್ಲಿ ಸೇರುತ್ತಾರೆ. ಕನಿಷ್ಠ ಬೆಲೆ ನಿಗದಿ ಮಾಡಿಯೇ ಕೊಡಿ, ಅದಕ್ಕಿಂತ ಕಡಿಮೆಗೆ ಹೋಗದಂತೆ. ಹಳೆಯ ಮಾರಾಟಗಳ ಬೆಲೆ ನೋಡುವಾಗ ಒಂದು ಎಚ್ಚರ: ಕೊಳ್ಳುವವರ ಶುಲ್ಕ ಸೇರಿಸಿದ ಬೆಲೆ ಬೇರೆ, ಸುತ್ತಿಗೆ ಬಿದ್ದ ಬೆಲೆ ಬೇರೆ. ಮಾರುವವರ ಲೆಕ್ಕ ಶುರುವಾಗೋದು ಸುತ್ತಿಗೆಯ ಬೆಲೆಯಿಂದ, ಅದರಲ್ಲೂ ಕಮಿಷನ್ ಹೋಗುತ್ತೆ. ಅಂತರ್ಜಾಲದ ಹರಾಜಾದರೆ ನೂರೈವತ್ತು ಫೋಟೋ, ಬೋರ್‌ಸ್ಕೋಪ್ ವಿಡಿಯೋ, ಕೇಳಿದ ಪ್ರತಿ ಪ್ರಶ್ನೆಗೆ ಅದೇ ದಿನ ಉತ್ತರ ಬೇಕು. ಟೆಕ್ಸಾಸ್‌ನಿಂದ ಅಕ್ಕ ಅಷ್ಟು ಸಮಯ ಕೊಡಬಲ್ಲರಾ ನೋಡಿ.

ನೇರ ಮಾರಾಟವಾದರೆ ಹಣ ಬ್ಯಾಂಕಿನಿಂದ ಬ್ಯಾಂಕಿಗೆ ವೈರ್ ಮೂಲಕ ಮಾತ್ರ. ಬ್ಯಾಂಕರ್ಸ್ ಚೆಕ್ ಕೊಟ್ಟರೆ, ಅದನ್ನು ಬರೆದ ಬ್ಯಾಂಕೇ ಹಣ ಕಳಿಸಿ ಖಾತೆಗೆ ಪೂರ್ತಿ ಬರುವವರೆಗೆ ಟೈಟಲ್ ಕೈ ಬಿಡಬಾರದು. "ಜಾಸ್ತಿ ಬರೆದಿದ್ದೀನಿ, ಉಳಿದದ್ದನ್ನು ಲಾರಿಯವನಿಗೆ ಕೊಡಿ" ಅಂದರೆ ಅದು ಮೋಸವೇ.

ಸಾಗಿಸುವಾಗ ಮುಚ್ಚಿದ ಟ್ರೇಲರ್. ಟೈರಿಗೆ ಗಾಳಿ ತುಂಬಿ, ಹಿಂದಿನ ಬ್ರೇಕ್ ಡ್ರಮ್ ಕಚ್ಚಿಕೊಂಡಿದೆಯಾ ನೋಡಿ, ವಿಂಚ್‌ನಲ್ಲಿ ಎಳೆಸಬೇಕು. ಜ್ಯಾಕ್ ಹಾಕೋದಾದರೆ ಹಿಂದೆ ಆಕ್ಸಲ್, ಮುಂದೆ ಎಂಜಿನ್ ಹೊತ್ತಿರುವ ಕೆ ಫ್ರೇಮ್. ಮಡ್‌ಗಾರ್ಡ್ ಮೇಲೆ, ಬಾನೆಟ್ ಮೇಲೆ ಯಾರೂ ಕೈ ಊರಿ ತಳ್ಳಬಾರದು, ಫೈಬರ್ ಸೀಳುತ್ತೆ. ಬಾಗಿಲನ್ನು ಅಂಗೈಯಿಂದ ಅಂಚಿನಲ್ಲಿ ಹಿಡಿದು ಮುಚ್ಚಲಿ.

ಬಟವಾಡಿ_06

ಅಕ್ಕನ ಜೊತೆ ಈಗಷ್ಟೇ ಮಾತಾಡಿದೆ. ಟೈಟಲ್ ಸಿಕ್ಕಿದೆ, ದೊಡ್ಡಪ್ಪನ ಒಬ್ಬರ ಹೆಸರಿನಲ್ಲೇ ಇದೆ, ಕೋರ್ಟಿಗೆ ಅರ್ಜಿ ಹಾಕುತ್ತಾರೆ. ವ್ಯಾಪಾರಿಗೆ ಬೇಡ ಅಂತ ಹೇಳಿಯಾಯಿತು. ಕೊನೆಯದೊಂದು ಪ್ರಶ್ನೆ: ಗಾಡಿಯ ವಿಮೆ ದೊಡ್ಡಪ್ಪನ ಹೆಸರಿನಲ್ಲಿತ್ತು, ಮಾರುವವರೆಗೂ ಬೇಕಾ?

ಚಿಂತಾಮಣಿ ಲೆಕ್ಕಪತ್ರ

ಬೇಕು, ಇವತ್ತೇ. ವಿಮೆ ಕಂಪನಿಗೆ ಮರಣದ ವಿಷಯ ತಿಳಿಸಿ ಎಸ್ಟೇಟ್ (ದೊಡ್ಡಪ್ಪ ಬಿಟ್ಟುಹೋದ ಆಸ್ತಿ) ಹೆಸರಿಗೆ ಬದಲಿಸಿಕೊಳ್ಳಲಿ. ಸಂಗ್ರಹ ಗಾಡಿಗಳಿಗೆ ಒಪ್ಪಿತ ಮೌಲ್ಯದ ಪಾಲಿಸಿ ಅಂತ ಬೇರೆಯೇ ಇದೆ, ಅದಕ್ಕೆ ಮೌಲ್ಯಮಾಪನದ ಅದೇ ಕಾಗದ ಸಾಕು. ಬಿಚ್ಚಿಟ್ಟ ಬಿಡಿಭಾಗಗಳನ್ನೂ ಪಾಲಿಸಿಯಲ್ಲಿ ಹೆಸರಿಸಿ ಬರೆಸಿ, ಇಲ್ಲದಿದ್ದರೆ ಅಟ್ಟದ ಸಾಮಾನು ಕಳುವಾದರೆ ಪರಿಹಾರ ಸಿಗೋದು ಕಷ್ಟ. ಮನೆ ಖಾಲಿ ಇದೆ ಅನ್ನೋದನ್ನೂ ಮುಚ್ಚಿಡದೆ ಹೇಳಲಿ.