ಅಳಿವೆಯ ‘ಒತ್ತಡ’: ಪ್ರೆಶರ್, ಸ್ಟ್ರೆಸ್ ಎರಡಕ್ಕೂ ಒಂದೇ ಪದ ಸಾಕೇ?

ಮಾನ್ಯರೇ,

ಯುರೋಪಿಯನ್ ಒಕ್ಕೂಟವು 2000ದಲ್ಲಿ ಅಂಗೀಕರಿಸಿದ ಜಲ ನಿರ್ದೇಶನದ (ಸದಸ್ಯ ದೇಶಗಳು ಪಾಲಿಸಬೇಕಾದ ನೀರಿನ ಕಾನೂನಿನ) ಪ್ರಕಾರ ಅಳಿವೆಗಳ (ಹೊಳೆಗಳು ಕಡಲನ್ನು ಸೇರುವ ಜಾಗಗಳ) ಮತ್ತು ದಡದಂಚಿನ ಕಡಲಿನ ಸ್ಥಿತಿಯನ್ನು ಹೇಗೆ ಅಳೆಯುತ್ತಾರೆ ಎಂಬುದನ್ನು ವಿವರಿಸುವ ಲೇಖನವೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಶೀರ್ಷಿಕೆಗೆ ‘ಕರಾವಳಿ ನೀರು’ ಎಂದು ಬರೆದರೆ ನಮ್ಮ ಕಡೆಯವರು ಬಾವಿ, ನಲ್ಲಿಗಳ ನೀರೆಂದೇ ತಿಳಿಯುತ್ತಾರಾದ್ದರಿಂದ ‘ದಡದಂಚಿನ ಕಡಲು’ ಎಂದು ಇಟ್ಟುಕೊಂಡಿದ್ದೇನೆ, ಅದರಲ್ಲಿ ತೊಡಕಿಲ್ಲ. ತೊಡಕಿರುವುದು ‘ಒತ್ತಡ’ ಎಂಬ ಪದದಲ್ಲಿ ಮತ್ತು ದರ್ಜೆಗಳ ಹೆಸರಿನಲ್ಲಿ.

ಊರಿನ ಕೊಳಚೆ, ಹೊಲಗಳಿಂದ ಹರಿದುಬರುವ ಗೊಬ್ಬರದ ಸಾರಜನಕ, ಬಂದರಿಗಾಗಿ ನಡೆಯುವ ಹೂಳೆತ್ತುವಿಕೆ, ಇವು ಇಂಗ್ಲಿಷಿನಲ್ಲಿ ಪ್ರೆಶರ್. ಇವುಗಳಿಂದಾಗಲಿ ಬೇರೆ ಯಾವುದೇ ಕಾರಣದಿಂದಾಗಲಿ ಆಮ್ಲಜನಕ ಕುಸಿದಾಗ, ಉಪ್ಪಿನಂಶ ಏರುಪೇರಾದಾಗ ತಳದ ಜೀವಿಗಳು ಪಡುವ ಪಾಡು ಸ್ಟ್ರೆಸ್. ಒಂದು ಕಾರಣ, ಇನ್ನೊಂದು ಪರಿಣಾಮ. ಕನ್ನಡದಲ್ಲಿ ಎರಡನ್ನೂ ನಾವು ‘ಒತ್ತಡ’ ಎಂದೇ ಬರೆಯುತ್ತ ಬಂದಿದ್ದೇವೆ. ಮುಂಗಾರಿನ ತಿಂಗಳುಗಳಲ್ಲಿ ಭಾರತದ ಪಶ್ಚಿಮ ತೀರದಲ್ಲಿ ಆಳದ ತಣ್ಣನೆಯ, ಆಮ್ಲಜನಕ ಕಡಿಮೆಯಿರುವ ನೀರು ತಾನಾಗಿ ಮೇಲೇರಿ ದಡದತ್ತ ಬರುತ್ತದೆ; ಅದೇ ಹೊತ್ತಿಗೆ ಹೊಳೆಗಳು ತುಂಬಿ ಹರಿದು ಅಳಿವೆಯ ಉಪ್ಪು ತೊಳೆದುಹೋಗುತ್ತದೆ. ಅಲ್ಲಿನ ಜೀವಿಗಳಿಗೆ ಇದು ಕಷ್ಟಕಾಲ, ಆದರೆ ಇದರಲ್ಲಿ ಮನುಷ್ಯರ ಕೈವಾಡವನ್ನು ಹುಡುಕಬೇಕಾಗಿಲ್ಲ. ಸಹಜವಾಗಿಯೇ ಹೀಗೆ ಬಳಲುವ ಅಳಿವೆಗೂ ಕೊಳಚೆಯಿಂದ ಬಳಲಿದ ಅಳಿವೆಗೂ ನೋಟಕ್ಕೆ ವ್ಯತ್ಯಾಸ ಕಡಿಮೆ, ಎರಡರಲ್ಲೂ ಜಾತಿಗಳು ಕೆಲವೇ, ತಾಳಿಕೊಳ್ಳುವ ಕೆಲವು ಜೀವಿಗಳದ್ದೇ ಹಿಂಡು. ಇದನ್ನು ಎಲಿಯಟ್ ಮತ್ತು ಕಿಂಟಿನೊ ಎಂಬ ವಿಜ್ಞಾನಿಗಳು 2007ರಲ್ಲಿ ಅಳಿವೆಯ ಗುಣಮಟ್ಟದ ವಿರೋಧಾಭಾಸ ಎಂದು ಕರೆದರು. ಹೀಗಿರುವಾಗ ‘ಅಳಿವೆ ಒತ್ತಡದಲ್ಲಿದೆ’ ಎಂದು ಕನ್ನಡದಲ್ಲಿ ಬರೆದರೆ, ಕೊಳಚೆ ಬಿಟ್ಟವರು ಅದು ಮಳೆಗಾಲದ ಒತ್ತಡವೆಂದು ಜಾರಿಕೊಳ್ಳಬಹುದು, ಬಿಡದವರ ಮೇಲೆ ಸುಮ್ಮನೆ ಆರೋಪವೂ ಬರಬಹುದು. ಆದ್ದರಿಂದ ಈ ಎರಡು ಪದಗಳನ್ನು ಬೇರ್ಪಡಿಸುವುದು ತೀರ ಅಗತ್ಯವೆಂದು ನನ್ನ ಅಭಿಪ್ರಾಯ.

ಪ್ರೆಶರ್‌ಗೆ ‘ಹೊರೆ’ ಎನ್ನಬಹುದಿತ್ತು, ಆದರೆ ನೀರಿಗೆ ಸೇರುವ ಪೋಷಕಾಂಶಗಳ ಮೊತ್ತಕ್ಕೆ ಆ ಪದ ಬೇಕಾಗುತ್ತದೆ. ಹಾಗಾಗಿ ಪ್ರೆಶರ್‌ಗೆ ‘ಒತ್ತಡ’ವನ್ನು ಉಳಿಸಿಕೊಂಡು, ಸ್ಟ್ರೆಸ್‌ಗೆ ‘ಬಳಲಿಕೆ’ ಎಂದು ಬಳಸಿ ನೋಡುತ್ತಿದ್ದೇನೆ.

ಇನ್ನು ದರ್ಜೆಗಳ ವಿಷಯ. ಆ ನಿರ್ದೇಶನದಲ್ಲಿ ಐದು ದರ್ಜೆಗಳಿವೆ. ನಕ್ಷೆಯಲ್ಲಿ ಅವಕ್ಕೆ ನೀಲಿ, ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣ. ಮೊದಲ ಕರಡಿನಲ್ಲಿ ಅತ್ಯುತ್ತಮ, ಉತ್ತಮ, ಸಾಧಾರಣ, ಕಳಪೆ, ಕೆಟ್ಟ ಎಂದು ಬರೆದಿದ್ದೆ. ‘ಸಾಧಾರಣ’ ಎಂದ ಕೂಡಲೇ ಕನ್ನಡದ ಓದುಗರು ‘ಅಡ್ಡಿಯಿಲ್ಲ’ ಎಂದುಕೊಳ್ಳುತ್ತಾರೆ, ಆದರೆ ತಲುಪಬೇಕಾದ ಗುರಿ ಹಸಿರು ದರ್ಜೆಯಾದ್ದರಿಂದ ಹಳದಿಗೆ ಇಳಿದ ನೀರು ಆಗಲೇ ಅನುತ್ತೀರ್ಣವಾಗಿರುತ್ತದೆ.

ಇದಕ್ಕೊಂದು ದಾರಿ ನನಗೆ ಹೊಳೆದದ್ದು ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ. ಇಳಿತದ ಹೊತ್ತಿನಲ್ಲಿ ಬಳಚು (ಕೆಸರಿನಲ್ಲಿ ಸಿಗುವ ಚಿಪ್ಪುಜೀವಿ) ಹೆಕ್ಕುತ್ತಿದ್ದ ಹಿರಿಯ ಹೆಂಗಸೊಬ್ಬರು ಒಂದೆಡೆ ಕೆಸರಿಗೆ ಮೊಣಕೈವರೆಗೆ ಕೈಯಿಳಿಸಿ ಒಂದು ಹಿಡಿ ಕಪ್ಪು ಮಣ್ಣು ತೆಗೆದರು. ಕೊಳೆತ ಮೊಟ್ಟೆಯ ವಾಸನೆ ನನಗೂ ತಟ್ಟಿತು. ಇಲ್ಲಿ ಮಣ್ಣು ಕೆಟ್ಟಿದೆ ಎಂದಷ್ಟೇ ಹೇಳಿ ಅವರು ಹತ್ತು ಹೆಜ್ಜೆ ಆಚೆ ಹೋಗಿ ಕುಳಿತರು. ‘ಕೆಟ್ಟ’ ಎಂಬುದು ‘ಕೆಡು’ವಿನಿಂದ ಬಂದದ್ದು, ಕೆಡಬೇಕಾದರೆ ಮೊದಲು ಚೆನ್ನಾಗಿದ್ದಿರಬೇಕು. ಯುರೋಪಿನ ಅಳತೆಯೂ ಹೀಗೆಯೇ ನಡೆಯುತ್ತದೆ: ಮನುಷ್ಯರ ಒತ್ತಡ ಇಲ್ಲವೇ ಇಲ್ಲ ಎನ್ನುವಷ್ಟಿರುವಾಗಿನ ಮೂಲಸ್ಥಿತಿಯಿಂದ ಈಗಿನ ನೀರು ಎಷ್ಟು ದೂರ ಸರಿದಿದೆ ಎಂದು ನೋಡುತ್ತಾರೆ. ಸ್ಪೇನಿನ ಬಾಸ್ಕ್ ಪ್ರದೇಶದ ವಿಜ್ಞಾನಿ ಬೋರ್ಹಾ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಆಂಬಿ ಎಂಬ ಸೂಚ್ಯಂಕವು ತಳದ ಜೀವಿಗಳನ್ನು ಅವುಗಳ ತಾಳಿಕೆಗೆ ತಕ್ಕಂತೆ ಐದು ಗುಂಪು ಮಾಡಿ 0ಯಿಂದ 7ರವರೆಗೆ ಅಂಕ ಕೊಡುತ್ತದೆ. ಕೆಸರನ್ನು ಜರಡಿಯಲ್ಲಿ ತೊಳೆದಾಗ ದಾರದಂಥ ಕೆಂಪು ಕ್ಯಾಪಿಟೆಲ್ಲಾ ಹುಳುಗಳೇ ತುಂಬಿದ್ದರೆ ಅಂಕ ಮೇಲೇರುತ್ತದೆ, 7 ಎಂದರೆ ಜೀವವೇ ಇಲ್ಲ. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಕಡಲ ನೀರಿಗೆ ಐದು ವರ್ಗ ಮಾಡಿದೆಯಾದರೂ, ಅವು ಉಪ್ಪಿನಾಗರ, ಸ್ನಾನ, ಬಂದರು ಎಂಬಂತೆ ಬಳಕೆಗೆ ತಕ್ಕ ವರ್ಗಗಳು. ಅಲ್ಲಿ ‘ಯೋಗ್ಯ’ ಎಂಬ ಪದ ಸಲ್ಲುತ್ತದೆ, ಇಲ್ಲಿ ಸಲ್ಲದು.

ಹಾಗಾಗಿ ಕೆಳಗಿನ ಮೂರು ದರ್ಜೆಗಳಿಗೆ ‘ತುಸು ಕೆಟ್ಟ’, ‘ಬಹಳ ಕೆಟ್ಟ’, ‘ಪೂರ್ತಿ ಕೆಟ್ಟ’ ಎಂದು ಬದಲಿಸಿದ್ದೇನೆ. ಕರಡು ಓದಿದ ಸ್ನೇಹಿತರೊಬ್ಬರು ‘ಕೆಡುತ್ತಿರುವ’ ಎಂದು ಸೂಚಿಸಿದರು. ನಾನು ಒಪ್ಪಲಿಲ್ಲ, ಏಕೆಂದರೆ ದರ್ಜೆಯು ನೀರು ಎಲ್ಲಿದೆ ಎಂದು ಹೇಳುತ್ತದೆಯೇ ಹೊರತು ಯಾವ ಕಡೆಗೆ ಹೊರಟಿದೆ ಎಂದಲ್ಲ. ಕಾರ್ಖಾನೆಗಳಿಂದಲೂ ಕೊಳಚೆಯಿಂದಲೂ ಜೀವ ಕಳೆದುಕೊಂಡಿದ್ದ ಸ್ಪೇನಿನ ಬಿಲ್ಬಾವೊ ನಗರದ ನೆರ್ವಿಯೋನ್ ಅಳಿವೆಯು, 2001ರಲ್ಲಿ ಕೊಳಚೆಗೆ ಜೈವಿಕ ಸಂಸ್ಕರಣೆ ಆರಂಭವಾದ ಮೇಲೆ ಚೇತರಿಸಿಕೊಳ್ಳುತ್ತ ಬಂದಿದೆ. ಹಾಗೆ ಏರುತ್ತಿರುವ ನೀರನ್ನು ‘ಕೆಡುತ್ತಿರುವ’ ಎಂದರೆ ತಪ್ಪಾಗುತ್ತದೆ.

‘ಬಳಲಿಕೆ’ಯ ಬಗ್ಗೆ ಮಾತ್ರ ನನಗಿನ್ನೂ ಪೂರ್ತಿ ಸಮಾಧಾನವಿಲ್ಲ, ಅದರಲ್ಲಿ ಮೈದಣಿವಿನ ಅರ್ಥವೇ ಮುಂದಾಗಿ ನಿಲ್ಲುತ್ತದೆ. ಮಳೆಗಾಲದಲ್ಲಿ ಸಿಹಿನೀರು ನುಗ್ಗಿದಾಗ ಬಳಚು ಅಥವಾ ಮರುವಾಯಿ ಸೊರಗುವುದನ್ನು ಅಳಿವೆಯಂಚಿನ ಮನೆಗಳಲ್ಲಿ ಯಾವ ಮಾತಿನಿಂದ ಹೇಳುತ್ತಾರೆಂದು ಉತ್ತರ ಕನ್ನಡ, ಕುಂದಾಪುರ, ಮಂಗಳೂರು ಕಡೆಯವರು ದಯವಿಟ್ಟು ತಿಳಿಸಬೇಕು. ತುಳು, ಕೊಂಕಣಿ ಪದಗಳಾದರೂ ಆದೀತು.